"ಯಾರ ಅನುಭವ ಮೇಡಂ, ನಿಮ್ದೋ ನಮ್ದೋ?"

ಪ್ರಶ್ನೆ: ದಾವಣಗೆರೆಯ ನಮ್ಮ ಸಭೆಯಲ್ಲಿ ಮಹಿಳೆಯರ ಅನ್ಯೋನ್ಯ ಕೂಟದ ಬೈಬಲ್ ಅಧ್ಯಯನ ನಡೆಸುತ್ತೇನೆ. ಹದಿನೈದು ಇಪ್ಪತ್ತು ಮಂದಿ ಬರುತ್ತಾರೆ. ಶಾಲಾ ಶಿಕ್ಷಕಿಯರಿದ್ದಾರೆ, ಬ್ಯಾಂಕಿನಲ್ಲಿರುವವರು ಒಬ್ಬರಿದ್ದಾರೆ, ಮಂಡಕ್ಕಿ ಭಟ್ಟಿಗೆ ಮತ್ತು ಮನೆಗೆಲಸಕ್ಕೆ ಹೋಗುವವರಿದ್ದಾರೆ, ಚಿತ್ರದುರ್ಗದ ಕಡೆಯ ಹಳ್ಳಿಗಳಿಂದ ಮದುವೆಯಾಗಿ ಬಂದವರಿದ್ದಾರೆ. ತರಬೇತಿಯಲ್ಲಿ "ಕ್ರೈಸ್ತ ನೀತಿಯನ್ನು ಸ್ತ್ರೀಯರ ಅನುಭವದಿಂದ ಕಟ್ಟಬೇಕು" ಎಂದು ಕಲಿಸಿದ್ದರು. ಅದನ್ನೇ ಕೂಟದಲ್ಲಿ ಹೇಳಿದಾಗ ಭಟ್ಟಿ ಕೆಲಸದ ಅಕ್ಕ ಒಬ್ಬರು "ಯಾರ ಅನುಭವ ಮೇಡಂ, ನಿಮ್ದೋ ನಮ್ದೋ?" ಅಂದರು. ಏನು ಹೇಳಬೇಕಿತ್ತು? ಇನ್ನೊಂದು ಸಂಶಯ: ಪ್ರತಿ ಜಾತಿಗೆ, ಪ್ರತಿ ಊರಿಗೆ ಅದರದೇ ರೂಢಿ ಇದೆ ಎಂದು ಒಪ್ಪಿಕೊಂಡರೆ ವರದಕ್ಷಿಣೆಯನ್ನೋ ಮುಟ್ಟಾದವರನ್ನು ಹೊರಗಿಡುವುದನ್ನೋ ತಪ್ಪು ಎನ್ನಲು ನಮಗೇನು ಹಕ್ಕು? ಇಂಥ ಕೂಟವನ್ನು ನಡೆಸುವುದು ಹೇಗೆ?

ಉತ್ತರ: ನಿಮ್ಮ ಕೂಟದ ಅಕ್ಕ ಒಂದೇ ಮಾತಿನಲ್ಲಿ ಕೇಳಿದ್ದನ್ನು ಕ್ರೈಸ್ತ ಸ್ತ್ರೀವಾದಿ ನೀತಿಶಾಸ್ತ್ರ ಹತ್ತಾರು ವರ್ಷಗಳಿಂದ ವಾದಿಸುತ್ತ ಬಂದಿದೆ. ಅವರಿಗೆ ಹೇಳಬೇಕಾದ ನೇರ ಉತ್ತರ ಇದು: ಎಲ್ಲ ಹೆಂಗಸರಿಗೂ ಹೊಂದುವ ಒಂದೇ ಅನುಭವ ಅಂತ ಇಲ್ಲ. ಹಾಗಂತ ಅನುಭವವನ್ನು ಪಕ್ಕಕ್ಕಿಟ್ಟು ನೀತಿಯ ಮಾತಾಡಲೂ ಆಗುವುದಿಲ್ಲ. ಅನುಭವ ಎಂಬುದು ಸಾಕ್ಷಿ, ತೀರ್ಪಲ್ಲ. ಸಾಕ್ಷಿಯನ್ನು ಪೂರ್ತಿ ಕೇಳಬೇಕು, ಪಾಟೀಸವಾಲಿಗೆ ಒಡ್ಡಬೇಕು, ಇನ್ನೊಬ್ಬರ ಸಾಕ್ಷಿಯ ಪಕ್ಕ ಇಟ್ಟು ನೋಡಬೇಕು. ಇಷ್ಟು ದಿನ ಯಾರನ್ನು ಸಾಕ್ಷಿಗೆ ಕರೆದೇ ಇಲ್ಲವೋ ಅವರನ್ನು ಮೊದಲು ಕರೆಯಬೇಕು. ನಿಮ್ಮ ಕೂಟದಲ್ಲಿ ಆ ಅಕ್ಕ ತಾವಾಗಿಯೇ ಎದ್ದು ನಿಂತಿದ್ದಾರೆ, ಅಲ್ಲಿಂದಲೇ ಶುರುಮಾಡಿ.

"ಸ್ತ್ರೀಯರ ಅನುಭವ" ಎಂಬ ಮಾತು ಈ ಶಾಸ್ತ್ರಕ್ಕೆ ಏಕೆ ಬೇಕಾಯಿತು ಎಂಬುದು ತಿಳಿದರೆ ಅದರ ಬಲವೂ ಮಿತಿಯೂ ಒಟ್ಟಿಗೇ ಕಾಣುತ್ತವೆ. 1960ರಲ್ಲಿ ಅಮೆರಿಕದ ವ್ಯಾಲರಿ ಸೇವಿಂಗ್ ಎಂಬಾಕೆ ಒಂದು ಲೇಖನ ಬರೆದರು. ರೈನ್‌ಹೋಲ್ಡ್ ನೀಬೂರ್ ಅವರಂಥ ಆ ಕಾಲದ ದೊಡ್ಡ ದೇವತಾಶಾಸ್ತ್ರಜ್ಞರು ಪಾಪದ ಮೂಲ ಅಹಂಕಾರ, ಅಧಿಕಾರದ ಆಸೆ ಎನ್ನುತ್ತಿದ್ದರು; ಅದಕ್ಕೆ ಮದ್ದು ತನ್ನನ್ನು ಪೂರ್ತಿ ಬಿಟ್ಟುಕೊಡುವ ಪ್ರೀತಿ. ಸೇವಿಂಗ್ ಕೇಳಿದ್ದು: ಇದು ಮನುಷ್ಯರೆಲ್ಲರ ಪಾಪದ ವರ್ಣನೆಯೋ, ಅಧಿಕಾರ ಕೈಯಲ್ಲಿರುವ ಗಂಡಸಿನ ಪಾಪದ ವರ್ಣನೆಯೋ? ಹೆಂಗಸರನ್ನು ಹೆಚ್ಚಾಗಿ ಕಾಡುವ ಪಾಪ ಬೇರೆ ಥರದ್ದು ಎಂದರು ಅವರು. ತಾನು ಅಂತ ಒಂದು ಗಟ್ಟಿ ನೆಲೆಯೇ ಇಲ್ಲದೆ ಎಲ್ಲರ ಬೇಡಿಕೆಯಲ್ಲಿ ಚದುರಿಹೋಗುವುದು, ತನ್ನ ತೀರ್ಮಾನವನ್ನು ಇನ್ನೊಬ್ಬರ ಕೈಗೆ ಕೊಟ್ಟುಬಿಡುವುದು, ದೇವರು ಕೊಟ್ಟ ಸಾಮರ್ಥ್ಯವನ್ನು ಬೆಳೆಸದೇ ಬಿಡುವುದು.

ಇದರ ಪರಿಣಾಮವನ್ನು ಯಾವ ಭಾನುವಾರದ ಪ್ರಸಂಗದಲ್ಲೂ ನೋಡಬಹುದು. "ನಾನು ಎಂಬುದನ್ನು ಸಾಯಿಸಿರಿ" ಎಂಬ ಮಾತು ಅಂಗಡಿ ಮಾಲೀಕನ ಕಿವಿಗೂ ಅವನ ಸೊಸೆಯ ಕಿವಿಗೂ ಒಟ್ಟಿಗೇ ಬೀಳುತ್ತದೆ. ಅವನಿಗೆ ಅದು ಚಿಕಿತ್ಸೆಯಾಗಬಹುದು. ಬೆಳಿಗ್ಗೆ ಐದಕ್ಕೆ ಎದ್ದು ಕೊನೆಗೆ ಉಣ್ಣುವ ಸೊಸೆಗೆ ಅದು ಇರುವ ರೋಗವನ್ನೇ ಹೆಚ್ಚಿಸುವ ಔಷಧಿ. ಫಿಲಿಪ್ಪಿಯವರಿಗೆ ಬರೆದ ಪತ್ರದ ಎರಡನೇ ಅಧ್ಯಾಯದಲ್ಲಿ ಕ್ರಿಸ್ತನು ತನ್ನನ್ನು ಬರಿದು ಮಾಡಿಕೊಂಡನು ಎನ್ನುವಾಗ, ಆತ ಬಿಟ್ಟುಕೊಟ್ಟದ್ದು ತನ್ನಲ್ಲಿ ತುಂಬಿದ್ದ ಮಹಿಮೆಯನ್ನು. ಬಿಟ್ಟುಕೊಡಲು ಏನೂ ಇಲ್ಲದವಳಿಗೆ ಅದೇ ವಾಕ್ಯವನ್ನು ಆಜ್ಞೆಯಾಗಿ ಓದಿಸುವುದು ವಾಕ್ಯಕ್ಕೂ ಅನ್ಯಾಯ, ಅವಳಿಗೂ ಅನ್ಯಾಯ.

ಕೂಟದ ಶಿಕ್ಷಕಿಯರಿಗೆ ಈ ಮಾತು ತಕ್ಷಣ ತಟ್ಟುತ್ತದೆ. ಭಟ್ಟಿ ಕೆಲಸದವರಿಗೆ ತಟ್ಟದೇ ಇರಬಹುದು, ಅದಕ್ಕೆ ಕಾರಣವೂ ಇದೆ. ಸೇವಿಂಗ್ ಕಣ್ಣೆದುರು ಇದ್ದವಳು ಬಿಳಿಯ, ಓದಿದ, ಮಧ್ಯಮವರ್ಗದ ಗೃಹಿಣಿ. ಬಿಸಿ ಮರಳಿನ ಮುಂದೆ ಹೊಗೆ ಕುಡಿಯುತ್ತ ಅಕ್ಕಿ ಹುರಿಯುವವಳ ಕಷ್ಟ "ನನ್ನತನ ಬೆಳೆಸಿಕೊಳ್ಳಲಿಲ್ಲ" ಎಂಬುದಲ್ಲ. ಅವಳ ದೇಹವನ್ನು ದಿನಗೂಲಿಗೆ ಬೇರೆಯವರು ಬಳಸುತ್ತಾರೆ. ದಣಿವಾರಿಸಿಕೊಳ್ಳಲೂ ಅವಳಿಗೆ ಅಪ್ಪಣೆ ಬೇಕು. "ನಿಮಗೋಸ್ಕರ ಸ್ವಲ್ಪ ಸಮಯ ಇಟ್ಟುಕೊಳ್ಳಿ" ಎಂಬ ಉಪದೇಶ ಅವಳಿಗೆ ಬರಿದೇ ಸದ್ದು. ಇನ್ನೂ ಕಠಿಣವಾದದ್ದೊಂದಿದೆ, ಹೇಳದೇ ಬಿಡಬಾರದು. ಶಿಕ್ಷಕಿಗೆ ಮಧ್ಯಾಹ್ನದ ಕೂಟಕ್ಕೆ ಬರಲು ಬಿಡುವು ಸಿಗುವುದು ಅವಳ ಮನೆಯ ಪಾತ್ರೆಯನ್ನು ಇನ್ನೊಬ್ಬಳು ತೊಳೆಯುವುದರಿಂದ. ಒಬ್ಬಳ ಬಿಡುಗಡೆ ಇನ್ನೊಬ್ಬಳ ಅಗ್ಗದ ದುಡಿಮೆಯ ಮೇಲೆ ನಿಂತಿರುವಾಗ ಇಬ್ಬರ ಅನುಭವವನ್ನೂ ಒಂದೇ ಹೆಸರಿನಲ್ಲಿ ಕರೆದರೆ ಲಾಭ ಯಾರಿಗೆ ಎಂದು ಆ ಅಕ್ಕನಿಗೆ ಚೆನ್ನಾಗಿಯೇ ಗೊತ್ತು.

ಕಪ್ಪು ಅಮೆರಿಕನ್ ಹೆಂಗಸರು ಬಿಳಿಯ ಸ್ತ್ರೀವಾದಿಗಳಿಗೆ ಹೇಳಿದ್ದು ಇದನ್ನೇ. ಅವರಲ್ಲೊಬ್ಬರಾದ ನೀತಿಶಾಸ್ತ್ರಜ್ಞೆ ಕೇಟಿ ಕ್ಯಾನನ್ ಹುಟ್ಟಿ ಬೆಳೆದದ್ದು ಉತ್ತರ ಕೆರೊಲಿನಾದ ಕನ್ನಾಪೊಲಿಸ್‌ನಲ್ಲಿ. ದಾವಣಗೆರೆಯ ಹಾಗೆ ಅದೂ ಒಂದು ಕಾಲಕ್ಕೆ ಬಟ್ಟೆ ಗಿರಣಿಗಳ ಊರು. ಬಣ್ಣದ ಮೇಲೆ ಜನರನ್ನು ಬೇರೆ ಬೇರೆ ಇಟ್ಟ ಊರು. ಕ್ಯಾನನ್ 1974ರಲ್ಲಿ ಅಮೆರಿಕದ ಯುನೈಟೆಡ್ ಪ್ರೆಸ್ಬಿಟೇರಿಯನ್ ಸಭೆಯಲ್ಲಿ ಗುರುದೀಕ್ಷೆ ಪಡೆದ ಮೊದಲ ಕಪ್ಪು ಮಹಿಳೆ. 1988ರ ತಮ್ಮ ಪುಸ್ತಕದಲ್ಲಿ ಅವರು ತೋರಿಸಿದ್ದು ಇಷ್ಟು: ರೂಢಿಯ ಕ್ರೈಸ್ತ ನೀತಿ ಪ್ರತಿಯೊಬ್ಬರೂ ಸ್ವತಂತ್ರರು, ಆಯ್ಕೆ ಮಾಡಬಲ್ಲವರು ಎಂದು ಮೊದಲೇ ಊಹಿಸಿಬಿಡುತ್ತದೆ. ದುಡಿದರೆ, ಉಳಿಸಿದರೆ ಬಾಳು ಹಸನಾಗುತ್ತದೆ ಎನ್ನುತ್ತದೆ. ಕಷ್ಟಪಡುವುದನ್ನು ಒಬ್ಬರು ಆರಿಸಿಕೊಳ್ಳುವ ತ್ಯಾಗ ಎಂದು ಹೊಗಳುತ್ತದೆ. ಆಯ್ಕೆಯೇ ಇಲ್ಲದವರ ಬದುಕಿನಲ್ಲಿ ಈ ಮೂರೂ ಸುಳ್ಳಾಗುತ್ತವೆ. ಅಲ್ಲಿ ಸದ್ಗುಣ ಎಂದರೆ ಇಕ್ಕಟ್ಟಿನಲ್ಲಿ ಮಾನ ಉಳಿಸಿಕೊಂಡು ಮಕ್ಕಳನ್ನು ಬದುಕಿಸುವ ಜಾಣ್ಮೆ. ಮೇಸ್ತ್ರಿಯ ಮುಂದೆ ತಲೆ ತಗ್ಗಿಸಿ ಮನೆಯಲ್ಲಿ ಮಗಳನ್ನು ಕಾಲೇಜಿಗೆ ಕಳಿಸುವವಳು ಹೇಡಿಯಲ್ಲ. ಅವಳ ನೀತಿಯನ್ನು ಅಳೆಯುವ ಕೋಲು ನಮ್ಮ ಬಳಿ ಇರಲಿಲ್ಲ, ಅಷ್ಟೇ.

ಕ್ಯೂಬಾದಲ್ಲಿ ಹುಟ್ಟಿದ ದೇವತಾಶಾಸ್ತ್ರಜ್ಞೆ ಆದಾ ಮರಿಯಾ ಇಸಾಸಿ ದಿಯಾಸ್ ಇನ್ನೊಂದು ದಾರಿ ತೋರಿಸಿದರು. ಪ್ರತಿದಿನದ ಬದುಕು, ಅಂದರೆ ಅಡುಗೆ, ಬಾಡಿಗೆ, ಮಗುವಿನ ಜ್ವರ, ಬಸ್ಸಿನ ದುಡ್ಡು, ಇವೇ ನೀತಿ ವಿಚಾರದ ಕಚ್ಚಾ ವಸ್ತು ಎಂದು ಹೇಳಿ, ಸಾಮಾನ್ಯ ಹೆಂಗಸರ ಜೊತೆ ಕೂತು ಅವರ ಮಾತನ್ನು ಅವರ ನುಡಿಯಲ್ಲೇ ದಾಖಲಿಸಿ ಶಾಸ್ತ್ರ ಕಟ್ಟಿದರು. ನಿಮ್ಮ ಕೂಟಕ್ಕೆ ಅತಿ ಹೆಚ್ಚು ಒದಗುವ ಕ್ರಮ ಇದು.

ನಮ್ಮ ನಾಡಿನಲ್ಲಿ ಈ ಮಾತಿಗೆ ಇನ್ನೂ ಹಳೆಯ ಬೇರಿದೆ. ಸಮಾಜ ಸುಧಾರಕಿ ಪಂಡಿತಾ ರಮಾಬಾಯಿ 1858ರಲ್ಲಿ ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ ಬ್ರಾಹ್ಮಣ ಮನೆಯಲ್ಲಿ ಹುಟ್ಟಿದವರು. 1883ರಲ್ಲಿ ಇಂಗ್ಲೆಂಡಿನ ವಾಂಟೇಜ್‌ನಲ್ಲಿ ದೀಕ್ಷಾಸ್ನಾನ ಪಡೆದರು. ಆದರೆ ಸಭೆಯ ಹಿರಿಯರು ಹೇಳಿದ್ದೆಲ್ಲವನ್ನೂ ಪ್ರಶ್ನಿಸದೆ ಒಪ್ಪಲು ತಯಾರಿರಲಿಲ್ಲ. ತಮ್ಮ ಸಸ್ಯಾಹಾರವನ್ನೂ ಬಿಡಲಿಲ್ಲ. ಅವರನ್ನು ಪ್ರೀತಿಸುತ್ತಿದ್ದ ಇಂಗ್ಲಿಷ್ ಸಿಸ್ಟರುಗಳಿಗೆ ಅದು ಹಟಮಾರಿತನವಾಗಿ, ಗರ್ವವಾಗಿ ಕಂಡಿತು. ಹೆಣ್ಣೊಬ್ಬಳು ತನ್ನ ಮನಸ್ಸಾಕ್ಷಿಯಂತೆ ನಡೆದರೆ ಅದಕ್ಕೆ ಅಹಂಕಾರವೆಂಬ ಹೆಸರು ಅಂಟುವುದು ಹೀಗೆ; ಅವರೂ ಹೆಂಗಸರೇ ಆಗಿದ್ದರು ಎಂಬುದನ್ನು ಗಮನಿಸಿ. ಇಲ್ಲಿಗೇ ನಿಲ್ಲಬೇಡಿ. ರಮಾಬಾಯಿಯ ಸಸ್ಯಾಹಾರ ಇಂಗ್ಲಿಷರ ಎದುರು ತನ್ನತನದ ಗುರುತು. ಅದೇ ಸಸ್ಯಾಹಾರ ದಲಿತ ಹೆಣ್ಣುಮಗಳ ಕಣ್ಣಿನಲ್ಲಿ ತನ್ನನ್ನು ಪಂಕ್ತಿಯಿಂದ ದೂರ ಇಟ್ಟದ್ದರ ಗುರುತು. ಸಾಂಸ್ಕೃತಿಕ ವ್ಯತ್ಯಾಸ ಎಂದರೆ ಪೂರ್ವ, ಪಶ್ಚಿಮ ಎಂಬ ಎರಡೇ ಗೂಡು ಅಲ್ಲ. ಒಂದೇ ಸಭೆಯ ಪ್ರೀತಿಭೋಜನದಲ್ಲಿ ಯಾರು ತಂದ ಡಬ್ಬಿ ತುಂಬಿದ ಹಾಗೇ ಮನೆಗೆ ಹೋಗುತ್ತದೆ ಎಂಬುದರಲ್ಲೂ ಅದಿದೆ. ಮುಂದಿನ ಸಲ ಅದನ್ನು ನೋಡಿ.

ದಲಿತ ಹೆಂಗಸರನ್ನು "ದಲಿತರೊಳಗಿನ ದಲಿತರು" ಎಂದು ಕರೆದು ಅವರ ಪ್ರಶ್ನೆಯನ್ನು ಸಭೆಯ ಒಳಗೂ ಹೊರಗೂ ಎತ್ತಿದವರಲ್ಲಿ ಬೆಂಗಳೂರಿನ ರೂತ್ ಮನೋರಮಾ ಪ್ರಮುಖರು. ದಲಿತ ಮಹಿಳೆಯರ ರಾಷ್ಟ್ರೀಯ ಒಕ್ಕೂಟ 1995ರಲ್ಲಿ ಹುಟ್ಟಿದ್ದು ಅವರ ಮುಂದಾಳತ್ವದಲ್ಲಿ. ಇದರ ಜೊತೆಗೆ ಕಾನೂನಿನ ಒಂದು ಸಂಗತಿ ನಿಮಗೆ ತಿಳಿದಿರಲೇಬೇಕು. 1950ರ ಪರಿಶಿಷ್ಟ ಜಾತಿಗಳ ಆದೇಶದ ಮೂರನೇ ಪ್ಯಾರಾ ಪ್ರಕಾರ ಹಿಂದೂ, ಸಿಖ್, ಬೌದ್ಧರನ್ನು ಬಿಟ್ಟು ಬೇರೆ ಧರ್ಮದವರಿಗೆ ಪರಿಶಿಷ್ಟ ಜಾತಿಯ ಸ್ಥಾನವಿಲ್ಲ. ಹಾಗಾಗಿ ಎಷ್ಟೋ ಮನೆಗಳಲ್ಲಿ ದಾಖಲೆಯ ಹೆಸರು ಒಂದು, ಸಭೆಯ ಹೆಸರು ಇನ್ನೊಂದು. ಆ ಹೆಣ್ಣುಮಕ್ಕಳು ಕೂಟದಲ್ಲಿ ಜಾತಿಯ ಮಾತು ಬಂದಾಗ ಬಾಯಿ ಮುಚ್ಚಿಕೊಳ್ಳುವುದಕ್ಕೆ ಕಾರಣ ಸಂಕೋಚ ಒಂದೇ ಅಲ್ಲ, ಮಕ್ಕಳ ಓದು ಮತ್ತು ಕೆಲಸದ ಭಯವೂ ಇದೆ. ಅವರನ್ನು ಸಾಕ್ಷಿ ಹೇಳಿ ಎಂದು ಒತ್ತಾಯಿಸಬೇಡಿ. ಯಾರ ಹೆಸರಿನ ಮುಂದೆಯೂ ಜಾತಿ, ಊರು ಬರೆದಿಡಬೇಡಿ. ಕೂಟದ ಫೋಟೋ ವಾಟ್ಸಾಪ್ ಗುಂಪಿಗೆ ಹಾಕುವ ಅಭ್ಯಾಸವಿದ್ದರೆ ಇವತ್ತೇ ನಿಲ್ಲಿಸಿ.

ಇನ್ನು ನಿಮ್ಮ ಎರಡನೇ ಸಂಶಯ. ರೂಢಿ ಬೇರೆ ಬೇರೆ ಆದರೆ ತಪ್ಪು ಎನ್ನುವುದು ಹೇಗೆ? ಈ ಗಂಟು ಬಿಗಿಯಾಗಿ ಕಾಣುವುದು ಸಂಸ್ಕೃತಿಗೆ ಒಂದೇ ಗಂಟಲು ಎಂದು ನಾವು ಅಂದುಕೊಂಡಿರುವುದರಿಂದ. "ನಮ್ಮಲ್ಲಿ ಹೀಗೇ" ಎನ್ನುವಾಗ ಆ "ನಮ್ಮಲ್ಲಿ" ಯಾರು ಎಂದು ಕೇಳಿ ನೋಡಿ. ಸಾಮಾನ್ಯವಾಗಿ ಹಿರಿಯ ಗಂಡಸರು, ಅವರ ಪರವಾಗಿ ಮನೆ ನಡೆಸುವ ಹಿರಿಯ ಹೆಂಗಸರು. ಅದೇ ಮನೆಯ ಸೊಸೆ ಅದೇ ರೂಢಿಯ ಬಗ್ಗೆ ಬಾವಿ ಕಟ್ಟೆಯಲ್ಲಿ ಬೇರೆಯೇ ಮಾತಾಡಿರುತ್ತಾಳೆ. ಅವಳೂ ಆ ಸಂಸ್ಕೃತಿಯವಳೇ. ಹೊರಗಿನವರು ಬಂದು ತೀರ್ಪು ಕೊಡುವುದಕ್ಕೂ, ಒಳಗೇ ಇರುವ ಭಿನ್ನಮತಕ್ಕೆ ಕಿವಿಗೊಡುವುದಕ್ಕೂ ಬಹಳ ವ್ಯತ್ಯಾಸವಿದೆ. ಅಮೆರಿಕದ ಸ್ತ್ರೀವಾದಿ ದೇವತಾಶಾಸ್ತ್ರಜ್ಞೆ ರೋಸ್‌ಮೇರಿ ರೂಥರ್ 1983ರಲ್ಲಿ ಒಂದು ಅಳತೆಗೋಲು ಕೊಟ್ಟರು: ಹೆಣ್ಣಿನ ಪೂರ್ಣ ಮನುಷ್ಯತ್ವವನ್ನು ಕುಗ್ಗಿಸುವ ಯಾವುದೂ ದೈವಿಕವಲ್ಲ. ಅಳತೆಗೋಲು ಒಳ್ಳೆಯದೇ. ಆದರೆ ಪೂರ್ಣ ಮನುಷ್ಯತ್ವ ಎಂದರೆ ಏನು ಎಂಬುದನ್ನು ಬ್ಯಾಂಕಿನವರು ಒಬ್ಬರೇ ಕೂತು ಬರೆಯುವಂತಿಲ್ಲ.

ಯಾವುದೇ ರೂಢಿಯ ಮುಂದೆ ಈ ಪ್ರಶ್ನೆಗಳನ್ನು ಇದೇ ಕ್ರಮದಲ್ಲಿ ಇಡಿ. ಇದರ ಭಾರ ಯಾರ ಮೈಮೇಲೆ ಬೀಳುತ್ತದೆ, ಲಾಭ ಯಾರಿಗೆ? ಅವಳು ಬೇಡ ಅನ್ನಬಹುದೇ, ಅಂದರೆ ಏನಾಗುತ್ತದೆ? ಒಳಗಿನ ಹೆಂಗಸರಲ್ಲಿ ಯಾರಾದರೂ ಇದನ್ನು ಎದುರಿಸಿದ್ದಾರೆಯೇ? ರೂಢಿಯೊಳಗೆ ಕಾಪಾಡಬೇಕಾದ ಒಳ್ಳೆಯದೇನಾದರೂ ಇದೆಯೇ, ಅದನ್ನು ಬೇರೆ ದಾರಿಯಲ್ಲಿ ಉಳಿಸಬಹುದೇ? ಕೊನೆಯ ಪ್ರಶ್ನೆಯನ್ನು ಮೊದಲು ಕೇಳಿದರೆ ಚರ್ಚೆ ಹೊಗಳಿಕೆಗೆ ತಿರುಗುತ್ತದೆ. ಬಿಟ್ಟೇ ಬಿಟ್ಟರೆ ಹಳ್ಳಿಯಿಂದ ಬಂದವರಿಗೆ ನೀವು ಅವರ ತಾಯಿಯನ್ನು ಬೈದ ಹಾಗಾಗುತ್ತದೆ.

ಚಿತ್ರದುರ್ಗ ಜಿಲ್ಲೆಯ ಕೆಲವು ಗೊಲ್ಲರಹಟ್ಟಿಗಳಲ್ಲಿ ಮುಟ್ಟಾದವರನ್ನೂ ಬಾಣಂತಿಯರನ್ನೂ ಹಟ್ಟಿಯ ಹೊರಗಿಡುವ ಪದ್ಧತಿಯನ್ನೇ ತೆಗೆದುಕೊಳ್ಳಿ. ಭಾರ ಬೀಳುವುದು ಅವಳ ಮೇಲೆ: ಚಳಿ, ಮಳೆ, ಹುಳುಹುಪ್ಪಟೆ, ಹಸುಗೂಸಿನ ಜೀವ. ಬೇಡ ಅಂದರೆ ದೇವರ ಮುನಿಸಿನ ಭಯ, ಕುಲದವರ ದಂಡ, ಮನೆಯವರಿಗೆ ಕೆಟ್ಟ ಹೆಸರು. ಒಳಗಿನಿಂದಲೇ ವಿರೋಧ ಇದೆ, ಓದಿದ ಹುಡುಗಿಯರಿಂದ ಹೆಚ್ಚು. ಒಳ್ಳೆಯದೇನಾದರೂ ಇದೆಯೇ? ಆ ದಿನಗಳಲ್ಲಿ ನೀರು ಹೊರುವ, ರೊಟ್ಟಿ ತಟ್ಟುವ ಕೆಲಸದಿಂದ ಬಿಡುವು ಸಿಗುತ್ತದೆ ಎಂದು ಕೆಲವರು ಹೇಳುವುದುಂಟು. ಆ ಮಾತನ್ನು ತಳ್ಳಿಹಾಕಬೇಡಿ. ಬಿಡುವು ಬೇಕು ಎಂಬುದು ನ್ಯಾಯ. ಅದನ್ನು ಪಡೆಯಲು ಅಶುದ್ಧಳೆಂದು ಒಪ್ಪಿಕೊಳ್ಳಬೇಕಾಗಿರುವುದು ಅನ್ಯಾಯ. ಮನೆಯೊಳಗೇ ಬಿಡುವು, ಗಂಡಸರ ಕೈಗೆ ಬಿಂದಿಗೆ: ಕೇಳಬೇಕಾದದ್ದು ಇದನ್ನು. ಮತ್ತೆ ಹಟ್ಟಿಯವರನ್ನು ದೂರುವ ಮೊದಲು ನಿಮ್ಮ ಸಭೆಯಲ್ಲಿ ಮುಟ್ಟಾದಾಗ ಕರ್ತನ ಭೋಜನಕ್ಕೆ ಬಾರದೆ ಹಿಂದಿನ ಬೆಂಚಿನಲ್ಲಿ ಕೂರುವವರು ಎಷ್ಟು ಮಂದಿ ಎಂದು ಮೆಲ್ಲಗೆ ವಿಚಾರಿಸಿ.

ಇಲ್ಲಿ ಒಂದು ದೊಡ್ಡ ಎಡವು ಇದೆ. ಹನ್ನೆರಡು ವರ್ಷ ರಕ್ತಸ್ರಾವದಿಂದ ನರಳಿದವಳು ಯೇಸುವಿನ ಉಡುಪು ಮುಟ್ಟಿದ ಕಥೆ, ಮಾರ್ಕನ ಐದನೇ ಅಧ್ಯಾಯ, ಇಂಥ ದಿನ ಓದಲು ತಕ್ಕದ್ದು. ಆದರೆ ಅದನ್ನು "ಯೆಹೂದ್ಯರು ಕ್ರೂರಿಗಳು, ಯೇಸು ಬಿಡಿಸಿದ" ಎಂದು ಹೇಳಿಕೊಡುವುದು ತಪ್ಪು. ಯೇಸುವೂ ಯೆಹೂದ್ಯನೇ, ಆಕೆಯೂ ಯೆಹೂದ್ಯಳೇ. ಅದು ಒಂದೇ ಸಂಸ್ಕೃತಿಯ ಒಳಗೆ ನಡೆದದ್ದು. ಯೆಹೂದಿ ಸ್ತ್ರೀವಾದಿ ಜುಡಿತ್ ಪ್ಲಾಸ್ಕೋ ಈ ತಪ್ಪನ್ನು ಕ್ರೈಸ್ತ ಸ್ತ್ರೀವಾದಿಗಳಿಗೆ ಎತ್ತಿ ತೋರಿಸಿದ್ದರು. ನಮ್ಮೂರಲ್ಲಿ ಅದೇ ತಪ್ಪು "ಅವರ ಧರ್ಮದಲ್ಲಿ ಹೆಣ್ಣಿಗೆ ಬೆಲೆಯಿಲ್ಲ, ನಮ್ಮಲ್ಲಿ ಇದೆ" ಎಂಬ ರೂಪದಲ್ಲಿ ಬರುತ್ತದೆ. ಹಾಗೆನ್ನುವವರಿಗೆ ಕ್ರೈಸ್ತರ 1869ರ ವಿಚ್ಛೇದನ ಕಾಯಿದೆಯನ್ನು ನೆನಪಿಸಿ. ಗಂಡನಿಗೆ ಹೆಂಡತಿಯ ವ್ಯಭಿಚಾರ ಒಂದೇ ಕಾರಣ ಸಾಕಿತ್ತು. ಹೆಂಡತಿ ಗಂಡನ ವ್ಯಭಿಚಾರದ ಜೊತೆಗೆ ಕ್ರೌರ್ಯವನ್ನೋ ಎರಡು ವರ್ಷ ಬಿಟ್ಟುಹೋದದ್ದನ್ನೋ ಸಾಬೀತು ಮಾಡಬೇಕಿತ್ತು. 1955ರ ಹಿಂದೂ ವಿವಾಹ ಕಾಯಿದೆಯಲ್ಲಿ ಇಂಥ ಇಬ್ಬಗೆ ಇರಲಿಲ್ಲ. ಕ್ರೈಸ್ತ ಹೆಣ್ಣಿಗೆ ಸಮಾನ ಕಾರಣಗಳು ಸಿಕ್ಕಿದ್ದು 2001ರ ತಿದ್ದುಪಡಿಯಿಂದ. ವರದಕ್ಷಿಣೆಯ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಉಡುಗೊರೆ ಎಂದು ಕರೆದರೂ, ಪಾದ್ರಿಗಳು ಆಶೀರ್ವದಿಸಿದರೂ 1961ರ ನಿಷೇಧ ಕಾಯಿದೆ ಎಲ್ಲ ಧರ್ಮದವರಿಗೂ ಒಂದೇ.

ಈಗ ಕೂಟ ನಡೆಸುವ ಕ್ರಮಕ್ಕೆ ಬರೋಣ. ಇಪ್ಪತ್ತು ಮಂದಿಯಲ್ಲಿ ಮಾತಾಡುವವರು ನಾಲ್ಕೇ ಜನ, ಅವರು ಯಾರು ಎಂದು ನಿಮಗೇ ಗೊತ್ತು. ಆರೇಳು ಜನರ ಮೂರು ಗುಂಪು ಮಾಡಿ. ಮೊದಲ ಎರಡು ಸಲ ಒಂದೇ ಥರದ ದುಡಿಮೆಯವರು ಒಂದೆಡೆ ಕೂರಲಿ. ಮನೆಗೆಲಸದವರು ತಮ್ಮ ಮನೆಯೊಡತಿಯ ಪಕ್ಕ ಕೂತು ಸತ್ಯ ಹೇಳಲಾರರು. ಮೂರನೇ ಸಲ ಬೆರೆಸಿ. ಒಂದೂವರೆ ಗಂಟೆಗಿಂತ ಹೆಚ್ಚು ಬೇಡ. ಹೊತ್ತನ್ನು ಭಟ್ಟಿಯ ಕೆಲಸ ಮುಗಿಯುವ ವೇಳೆ ನೋಡಿ ಇಡಿ, ಶಿಕ್ಷಕಿಯರು ಹೊಂದಿಕೊಳ್ಳಲಿ. ಕೂಲಿ ಬಿಟ್ಟು ಬರುವ ಹಾಗಾದರೆ ಆ ಕೂಟ ಅವರದಲ್ಲ.

ವಾಕ್ಯವನ್ನು ಎರಡು ಸಲ ಗಟ್ಟಿಯಾಗಿ ಓದಿಸಿ, ಎರಡನೇ ಸಲ ನಿಧಾನಕ್ಕೆ. ಓದು ಬಾರದವರು ಕೇಳಿ ನೆನಪಿಟ್ಟು ಕಥೆಯನ್ನು ತಿರುಗಿ ಹೇಳಲಿ. ಹಾಗೆ ಹೇಳುವಾಗ ಅವರು ಬಿಟ್ಟದ್ದು, ಸೇರಿಸಿದ್ದು ಎರಡೂ ಅರ್ಥಗರ್ಭಿತ. ಆಮೇಲೆ ಒಂದೇ ಪ್ರಶ್ನೆ: ಈ ಕಥೆಯಲ್ಲಿ ನೀವು ಯಾರು? ಅರ್ಧ ಗಂಟೆ ಅದಕ್ಕೇ ಇರಲಿ. ಮಾತಿನ ಸರದಿ ಕಡಿಮೆ ಓದಿದವರಿಂದ ಶುರುವಾಗಲಿ, ನೀವು ಕೊನೆಗೆ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು "ಅಂದರೆ ಇವರ ಅರ್ಥ ಏನೆಂದರೆ" ಎಂದು ಚೆಂದ ಮಾಡಿ ಹೇಳುವುದನ್ನು ತಡೆಯಿರಿ. ಅಲ್ಲೇ ಅನುಭವ ಕೈಬದಲಾಗುವುದು. ಇಂಥ ಕೂಟಗಳು ಹಾಳಾಗುವುದು ಇನ್ನೆರಡು ರೀತಿಯಲ್ಲಿ. ಪ್ರತಿ ಸಾಕ್ಷಿಯೂ "ಆದರೂ ದೇವರಿಗೆ ಸ್ತೋತ್ರ" ಎಂಬಲ್ಲಿ ಮುಗಿಯಬೇಕು ಎಂಬ ಅಲಿಖಿತ ನಿಯಮ ಒಂದು. ಮಾತು ಬಿಸಿಯಾದ ಕೂಡಲೇ ಯಾರೋ ಒಬ್ಬರು ಪ್ರಾರ್ಥನೆ ಶುರುಮಾಡಿ ಮುಚ್ಚಿಬಿಡುವುದು ಇನ್ನೊಂದು. ಕೋಪ ಬಂದರೆ ಬರಲಿ. ಸಂಬಂಧದಲ್ಲಿ ಏನೋ ಕೆಟ್ಟಿದೆ ಎಂದು ಕೋಪ ತಿಳಿಸುತ್ತದೆ, ಅದು ಪ್ರೀತಿಯ ಶತ್ರುವಲ್ಲ ಎಂದು ಕ್ರೈಸ್ತ ನೀತಿಶಾಸ್ತ್ರಜ್ಞೆ ಬೆವರ್ಲಿ ಹ್ಯಾರಿಸನ್ 1981ರಲ್ಲಿ ವಾದಿಸಿದ್ದು ಇಂಥ ಕೂಟಗಳಿಗೇ ಬರೆದ ಹಾಗಿದೆ.

ಮೊದಲ ಓದಿಗೆ ಆದಿಕಾಂಡ 16 ಮತ್ತು 21, ಹಾಗರಳ ಕಥೆ. ಸಾರಾಯಳೂ ಹೆಣ್ಣು, ಹಾಗರಳೂ ಹೆಣ್ಣು. ಬಂಜೆತನದ ನೋವು ಒಬ್ಬಳದು, ಆ ನೋವಿನ ಬೆಲೆ ತೆತ್ತವಳು ಈಜಿಪ್ಟಿನ ದಾಸಿ. "ಸ್ತ್ರೀಯರ ಅನುಭವ" ಎರಡಾಗಿ ಸೀಳುವುದು ಇಲ್ಲಿ ಕಣ್ಣಿಗೇ ಕಾಣುತ್ತದೆ. ಶಿಕ್ಷಕಿಯರ ಗುಂಪಿಗೆ ಸಾರಾಯಳ ಪಾತ್ರ ಕೊಡಿ, ಹಾಗರಳದ್ದಲ್ಲ. ಓದಿದ ಹೆಂಗಸರು ತಾವೂ ಹಾಗರಳೇ ಎಂದು ತಕ್ಷಣ ಗುರುತಿಸಿಕೊಳ್ಳುತ್ತಾರೆ. ಅಲ್ಲಿ ಸ್ವಲ್ಪ ತಡೆದು ನಿಲ್ಲುವುದರಿಂದ ಅವರಿಗೆ ಒಳ್ಳೆಯದಾಗುತ್ತದೆ.

ಇದೇ ಓದಿನಲ್ಲಿ ಅಪಾಯವೂ ಇದೆ. 16ನೇ ಅಧ್ಯಾಯದಲ್ಲಿ, ಒಡತಿಯ ಹಿಂಸೆ ತಾಳದೆ ಓಡಿಹೋದ ಹಾಗರಳಿಗೆ ದೂತನು ಒಡತಿಯ ಬಳಿಗೆ ತಿರುಗಿ ಹೋಗು ಎನ್ನುತ್ತಾನೆ. ಹೊಡೆಯುವ ಗಂಡನ ಮನೆಗೆ ಹೆಣ್ಣನ್ನು ವಾಪಸ್ ಕಳಿಸಲು ಈ ವಾಕ್ಯವನ್ನು ಬಳಸಿಕೊಳ್ಳುವವರಿದ್ದಾರೆ. ಕಪ್ಪು ಅಮೆರಿಕನ್ ದೇವತಾಶಾಸ್ತ್ರಜ್ಞೆ ಡೆಲೋರಿಸ್ ವಿಲಿಯಮ್ಸ್ 1993ರಲ್ಲಿ ಇದನ್ನು ಎದುರಿಸಿದ ರೀತಿ ಗಮನಿಸಬೇಕು. ಬಸುರಿ ದಾಸಿಗೆ ಮರುಭೂಮಿಯಲ್ಲಿ ಸಾವೇ ಗತಿ. ಆ ಹೊತ್ತಿಗೆ ದೇವರು ಕೊಟ್ಟದ್ದು ಬಿಡುಗಡೆಯಲ್ಲ, ಬದುಕುಳಿಯುವ ದಾರಿ. ಎರಡನೇ ಸಲ, 21ನೇ ಅಧ್ಯಾಯದಲ್ಲಿ, ವಾಪಸ್ ಹೋಗು ಎನ್ನುವುದಿಲ್ಲ. ನೀರಿನ ಬಾವಿ ತೋರಿಸುತ್ತಾನೆ. ಅಂದರೆ ಅದು ಸಹಿಸಿಕೋ ಎಂಬ ಸಾರ್ವಕಾಲಿಕ ಆಜ್ಞೆಯಲ್ಲ. ಇವತ್ತು ನಿಮ್ಮ ಕೂಟದವಳಿಗೆ ಬೇರೆ ಬಾವಿಗಳಿವೆ: 181 ಸಹಾಯವಾಣಿ, 2005ರ ಕೌಟುಂಬಿಕ ಹಿಂಸೆ ಕಾಯಿದೆಯಡಿ ಸಂರಕ್ಷಣಾಧಿಕಾರಿ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಆದಾಯ ಎಷ್ಟೇ ಇದ್ದರೂ ಹೆಂಗಸರಿಗೆ ಉಚಿತ ವಕೀಲರು. ಹಿಂಸೆಯ ಸುಳಿವು ಸಿಕ್ಕರೆ ಗುಂಪಿನಲ್ಲಿ ಬಿಡಿಸಿ ಕೇಳಬೇಡಿ. ಕೂಟ ಮುಗಿದ ಮೇಲೆ ಒಬ್ಬರೇ ಮಾತಾಡಿಸಿ, ಅವಳನ್ನು ಕೇಳದೆ ಗಂಡನಿಗಾಗಲಿ ಸಭಾಪಾಲಕರಿಗಾಗಲಿ ಹೇಳಬೇಡಿ.

ಎರಡನೇ ಓದಿಗೆ ಮಾರ್ಕನ 7:24-30. ಬೇರೆ ಕುಲದ, ಬೇರೆ ಸೀಮೆಯ ಹೆಂಗಸು ಮಗಳಿಗಾಗಿ ಯೇಸುವಿನ ಬಳಿಗೆ ಬರುತ್ತಾಳೆ. ಮಕ್ಕಳ ರೊಟ್ಟಿಯನ್ನು ನಾಯಿಗಳಿಗೆ ಹಾಕುವುದು ಸರಿಯಲ್ಲ ಎಂಬ ಉತ್ತರ ಸಿಗುತ್ತದೆ. ಅವಳು ಅದೇ ಮಾತನ್ನು ತಿರುಗಿಸಿ ನಿಲ್ಲಿಸುತ್ತಾಳೆ, ಮತ್ತು ಆ ಮಾತಿಗಾಗಿಯೇ ಅವಳ ಕೋರಿಕೆ ನಡೆಯುತ್ತದೆ. "ಅದು ಮುದ್ದಿನ ನಾಯಿಮರಿ" ಎಂದು ಮೆದು ಮಾಡಲು ಅವಸರಪಡಬೇಡಿ. ಬೀದಿಯಲ್ಲಿ ಆ ಶಬ್ದ ಕೇಳಿಸಿಕೊಂಡವರು ನಿಮ್ಮ ಕೂಟದಲ್ಲಿದ್ದಾರೆ. ಅವರು ಏನೆನ್ನುತ್ತಾರೆ ಕೇಳಿ.

ಮೂರನೇ ಸಲ, ಎಲ್ಲರೂ ಬೆರೆತಾಗ, ಅರಣ್ಯಕಾಂಡ 27. ಚಲ್ಪಹಾದನ ಐದು ಹೆಣ್ಣುಮಕ್ಕಳು ಸಭೆಯೆದುರು ನಿಂತು ಅಪ್ಪನ ಪಾಲು ಕೇಳುತ್ತಾರೆ; ಮೋಶೆ ದೇವರನ್ನು ವಿಚಾರಿಸುತ್ತಾನೆ; ಅವರು ಹೇಳುವುದು ನ್ಯಾಯ ಎಂಬ ಉತ್ತರ ಬರುತ್ತದೆ. ಅನುಭವ ಕಾನೂನನ್ನು ತಿದ್ದಿದ ಇಷ್ಟು ಸ್ಪಷ್ಟ ಪ್ರಸಂಗ ಬೈಬಲಿನಲ್ಲಿ ಕಡಿಮೆ. 36ನೇ ಅಧ್ಯಾಯವನ್ನೂ ಓದಿ: ಕುಲದ ಗಂಡಸರು ಬಂದು ತಕರಾರು ಮಾಡುತ್ತಾರೆ, ಆಗ ಆ ಹುಡುಗಿಯರು ಕುಲದೊಳಗೇ ಮದುವೆಯಾಗಬೇಕು ಎಂಬ ಷರತ್ತು ಸೇರುತ್ತದೆ. ಹಕ್ಕು ಸಿಕ್ಕ ಮೇಲೆ ಅದಕ್ಕೆ ಬೇಲಿ ಬೀಳುವುದು ನಮ್ಮೂರಿಗೂ ಹೊಸತಲ್ಲ.

ಈ ಓದು ನಿಮ್ಮ ಕೂಟದಲ್ಲಿ ಕೆಲಸಕ್ಕೆ ಬರುವುದು ಆಸ್ತಿಯ ಲೆಕ್ಕದಲ್ಲಿ. ಕ್ರೈಸ್ತನೊಬ್ಬ ವಿಲ್ ಬರೆಯದೆ ತೀರಿಕೊಂಡರೆ 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯಂತೆ ಹೆಂಡತಿಗೆ ಮೂರರಲ್ಲಿ ಒಂದು ಪಾಲು, ಉಳಿದದ್ದು ಮಕ್ಕಳಿಗೆ, ಗಂಡು ಹೆಣ್ಣೆಂಬ ಭೇದವಿಲ್ಲದೆ ಸಮನಾಗಿ. ಆರು ಎಕರೆ ಹೊಲ, ಹೆಂಡತಿ, ಇಬ್ಬರು ಗಂಡುಮಕ್ಕಳು, ಒಬ್ಬ ಮಗಳು ಎಂದರೆ ತಾಯಿಗೆ ಎರಡು ಎಕರೆ, ಮಕ್ಕಳಿಗೆ ತಲಾ ಒಂದು ಎಕರೆ ಹದಿಮೂರು ಗುಂಟೆಯ ಮೇಲೆ ಸ್ವಲ್ಪ. ಅಪ್ಪ ಹಿಂದೂ ಆಗಿಯೇ ತೀರಿಕೊಂಡು ಮಗಳು ಮಾತ್ರ ಕ್ರೈಸ್ತಳಾಗಿದ್ದರೆ ಹಿಂದೂ ಉತ್ತರಾಧಿಕಾರ ಕಾಯಿದೆ ಅನ್ವಯಿಸುತ್ತದೆ. ಮತಾಂತರದಿಂದ ಅವಳ ಪಾಲು ತಪ್ಪುವುದಿಲ್ಲ. ಒಂದು ಎಚ್ಚರ: ಕ್ರೈಸ್ತ ತಂದೆ ವಿಲ್ ಬರೆದು ಎಲ್ಲವನ್ನೂ ಗಂಡುಮಕ್ಕಳಿಗೇ ಕೊಡಬಹುದು, ಕಾಯಿದೆ ಅದನ್ನು ತಡೆಯುವುದಿಲ್ಲ.

ಹಕ್ಕಿದ್ದೂ ಹೆಣ್ಣುಮಕ್ಕಳು ಏಕೆ ಸಹಿ ಹಾಕಿ ಬಿಟ್ಟುಕೊಡುತ್ತಾರೆ ಎಂದು ಕೂಟದಲ್ಲಿ ಕೇಳಿ. ತವರು ತಪ್ಪುತ್ತದೆ, ಹಬ್ಬಕ್ಕೆ ಕರೆಯುವವರಿರುವುದಿಲ್ಲ, ಗಂಡನ ಮನೆಯಲ್ಲಿ ಕಷ್ಟವಾದರೆ ಹೋಗಲು ಇನ್ನೊಂದು ಬಾಗಿಲು ಇರುವುದಿಲ್ಲ. ಇದು ಅಜ್ಞಾನವಲ್ಲ, ಲೆಕ್ಕಾಚಾರ. ಬ್ಯಾಂಕಿನವರಿಗೆ ತವರಿಲ್ಲದೆ ಬದುಕುವ ಸಂಬಳವಿದೆ, ಭಟ್ಟಿಯವರಿಗೆ ಇಲ್ಲ. ಹಾಗಾಗಿ "ಹಕ್ಕು ಕೇಳಿ" ಎಂಬ ಒಂದೇ ಸಲಹೆ ಇಬ್ಬರಿಗೂ ಕೊಡಬೇಡಿ. ಆದರೆ ಇಬ್ಬರಿಗೂ ಇಷ್ಟು ಹೇಳಬಹುದು. ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವ ಪವತಿ ಖಾತೆಗೆ ಅರ್ಜಿ ಹಾಕುವಾಗ ಮಾಡಿಸುವ ವಂಶವೃಕ್ಷದಲ್ಲಿ ಹೆಣ್ಣುಮಕ್ಕಳ ಹೆಸರು ಬಿಟ್ಟುಹೋಗುವುದು ಸಾಮಾನ್ಯ, ಮೊದಲು ಅದನ್ನು ನೋಡಿಕೊಳ್ಳಬೇಕು. ಹಕ್ಕು ಬಿಡುಗಡೆ ಪತ್ರ ಉಪನೋಂದಣಿ ಕಚೇರಿಯಲ್ಲಿ ನೋಂದಣಿಯಾದರೆ ಅದನ್ನು ರದ್ದು ಮಾಡಿಸುವುದು ಬಹಳ ಕಷ್ಟ. ಹಾಗಾಗಿ ಓದಿಸಿ ಕೇಳದೆ, ಪ್ರತಿ ತೆಗೆದುಕೊಳ್ಳದೆ, ಅಪ್ಪನ ತಿಥಿಯ ವಾರದಲ್ಲೇ ಸಹಿ ಹಾಕಬಾರದು. ಬಿಟ್ಟುಕೊಡಲೇಬೇಕು ಅನ್ನಿಸಿದರೆ ಪೂರ್ತಿಯ ಬದಲು ಭಾಗ ಇಟ್ಟುಕೊಳ್ಳಬಹುದು, ಇಲ್ಲವೇ ಅದಕ್ಕೆ ತಕ್ಕ ಹಣ ಕೇಳಿ ಅದನ್ನು ಪತ್ರದಲ್ಲೇ ಬರೆಸಬಹುದು. ಕೂಟದಿಂದ ಒಬ್ಬರು ಜೊತೆಗೆ ಕಚೇರಿಗೆ ಹೋದರೆ ದಸ್ತಾವೇಜು ಬರೆಯುವವರು ನಿಧಾನವಾಗಿ ಓದಿ ಹೇಳುತ್ತಾರೆ. ಆ ಒಬ್ಬರು ಶಿಕ್ಷಕಿಯಾಗಿರಲಿ, ಅವತ್ತಿನ ರಜೆ ಅವರದಾಗಿರಲಿ.